ಶರೀರಸ್ಥವಾದ ಘಟಿಕಾಯಂತ್ರ

ಹಗಲಿರುಳುಗಳನ್ನನುಸರಿಸಿ ನಿದ್ರಾಜಾಗರಗಳು ನಡೆಯುವುದು ಲೋಕಸಿದ್ಧವಾದುದು. ಈ ನಿಯಮವು ಸೂರ್ಯನಿಂದ ಬಂದುದೋ, ದೇಹದಲ್ಲಿಯೇ ನೆಲೆಸಿರುವುದೋ ಎಂಬುದು ವಿಚಾರಣೀಯವು. ಹಗಲಿನ ಮತ್ತು ಇರುಳಿನ ಆದಿಮಧ್ಯಾಂತಗಳಲ್ಲಿ ಕಫಪಿತ್ತವಾತಗಳು ಕ್ರಮವಾಗಿ ಪ್ರಬಲವಾಗುವುವೆಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ಹೇಳಿರುವನು. ಇದನ್ನೇ ಮುಂದುಮಾಡಿ, ಈಚಿನವರು ಕಂಡುದೆಲ್ಲವೂ ಅಲ್ಲಿಯೇ ಉಂಟೆಂದು ಸಾಧಿಸುವವರಿದ್ದಾರೆ. ನಮಗದು ಸಮ್ಮತವಲ್ಲ. ಕಾಲಭೇದದಿಂದ ದೇಹಸ್ಥಿತಿಯು ಭೇದಿಸುವುದನ್ನು ಆಚಾರ್ಯನು ಬಲ್ಲನು. ಸೂರ್ಯನೇ ಕಾಣದಿದ್ದರೆ ಏನಾಗುವುದೆಂಬ ಪ್ರಶ್ನೆಯನ್ನು ಆ ವಾಕ್ಯವು ಎತ್ತುವುದಿಲ್ಲ.

ಆ ಪ್ರಶ್ನೆಯನ್ನು 1729ರಲ್ಲಿ ಫ್ರಾನ್ಸಿನ ದ ಮೈರಾನ್ ಎಂಬ ಜ್ಯೋತಿರ್ವಿದನು ಗಿಡದ ವಿಷಯದಲ್ಲಿ ಎತ್ತಿದನು. ಕತ್ತಲೆಯಲ್ಲಿಟ್ಟ ಗಿಡವು ಹಗಲಿನ ಹೊತ್ತಿಗೆ ಎಲೆಗಳನ್ನು ಬಿಚ್ಚಿ ಇರುಳಿಗೆ ಮುಚ್ಚುತ್ತಲೇ ಇದ್ದಿತು. ಮನುಷ್ಯನ ವಿಷಯದಲ್ಲಿ ಮಿಷೆಲ್ ಸಿಫ್ರನ ಸಾಹಸವು ಪ್ರಸಿದ್ಧವಾದುದು. 1962ರಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ, ಆತನು ಆಲ್ಪ್ಸ್ ಪರ್ವತದ ಸ್ಕರಾಸೋನ್ ಎಂಬ ಹಿಮಗುಹೆಯಲ್ಲಿ ಗಡಿಯಾರವಿಲ್ಲದೆ ಎರಡು ತಿಂಗಳ ಕಾಲ ಏಕಾಕಿಯಾಗಿ ವಾಸಮಾಡಿದನು. ಎದ್ದಾಗ, ಉಂಡಾಗ, ಮಲಗುವಾಗ ಮೇಲಿನವರಿಗೆ ದೂರವಾಣಿಯಲ್ಲಿ ತಿಳಿಸುವನು. ಅವರು ಮಾತ್ರ ವೇಳೆಯನ್ನು ಹೇಳತಕ್ಕದ್ದಲ್ಲ. ಸೆಪ್ಟೆಂಬರ್ 14ರಂದು ಹೊರಬಂದಾಗ ಆತನ ಲೆಕ್ಕದಲ್ಲಿ ಇನ್ನೂ ಆಗಸ್ಟ್ 20. ಬುದ್ಧಿಯ ಗಣನೆಯು ಹೀಗೆ 25 ದಿನ ತಪ್ಪಿದರೂ, ಮೇಲಿನವರು ಬರೆದಿಟ್ಟುದನ್ನು ನೋಡಲಾಗಿ ನಿದ್ರಾಜಾಗರಗಳು ಸುಮಾರು ಇಪ್ಪತ್ತನಾಲ್ಕೂವರೆ ಘಂಟೆಗೊಂದು ಆವರ್ತಿಯಂತೆ ನಡೆದಿದ್ದುವು. 1999ರಲ್ಲಿ ಪ್ರಕಟವಾದ ಇನ್ನೂ ಸೂಕ್ಷ್ಮವಾದ ಪರೀಕ್ಷೆಯಲ್ಲಿ ಇದು ಸರಾಸರಿ 24 ಘಂಟೆ 11 ನಿಮಿಷವೆಂದು ತಿಳಿದುಬಂದಿತು.

ಇದನ್ನು ಪಾಶ್ಚಾತ್ಯರು 'ಸರ್ಕೇಡಿಯನ್' ಎನ್ನುವರು. ಹೆಚ್ಚುಕಡಮೆ ಒಂದು ದಿನದ್ದೆಂದು ಅರ್ಥ. 'ಅಹೋರಾತ್ರಕಲ್ಪ'ವೆನ್ನಬಹುದೆಂದು ತೋರೀತು. ಆದರೆ ಪಾಣಿನಿಯ ಮತದಲ್ಲಿ ಕಲ್ಪಪ್ ಪ್ರತ್ಯಯವು ಪೂರ್ಣತೆಗೆ ಕೊಂಚ ಕಡಮೆಯಾದುದಕ್ಕೆ ಸಲ್ಲುವುದು. ಮನುಷ್ಯನ ಆವರ್ತಿಯೋ ದಿನಕ್ಕಿಂತ ಕೊಂಚ ಹೆಚ್ಚು. ಆದಕಾರಣ 'ಅಹೋರಾತ್ರಪ್ರಾಯ'ವೆಂಬುದೇ ಲೇಸು.

ಈ ಹೆಚ್ಚಳವನ್ನು ದಿನದಿನವೂ ಸರಿಪಡಿಸುವುದು ಮುಖ್ಯವಾಗಿ ಬೆಳಕು. ಮಿದುಳಿನ ತಳದಲ್ಲಿ, ಎರಡು ಕಣ್ಣುಗಳ ನರಗಳು ಕೂಡುವ ಎಡೆಗೆ ಮೇಲುಗಡೆ, ಸುಮಾರು 20,000 ನರಕೋಶಗಳ ಜೋಡುಗಂಟೊಂದುಂಟು. ಕಣ್ಣಿನಿಂದ ಬೆಳಕಿನ ವಾರ್ತೆಯು ಅಲ್ಲಿಗೆ ಮುಟ್ಟುವುದು. 1972ರಲ್ಲಿ ಇಲಿಗಳಲ್ಲಿ ಅದನ್ನು ನಾಶಮಾಡಲಾಗಿ ಅವುಗಳ ದಿನಚರಿಯ ಕ್ರಮವೇ ಕೆಟ್ಟಿತು. ಕೋಶದೊಳಗಿನ ಯಂತ್ರವು ಇನ್ನೂ ವಿಚಿತ್ರವಾದುದು: ಒಂದು ಜೀನಿನಿಂದ ಹುಟ್ಟಿದ ಪ್ರೋಟೀನು ಶೇಖರವಾಗಿ ತನ್ನ ಉತ್ಪತ್ತಿಯನ್ನು ತಾನೇ ತಡೆಯುವುದು, ಅದು ಕ್ಷಯಿಸಿದೊಡನೆ ಉತ್ಪತ್ತಿಯು ಪುನಃ ಆರಂಭವಾಗುವುದು. ಹಣ್ಣಿನ ನೊಣಗಳಲ್ಲಿ ಇದನ್ನು ವಿಶದಪಡಿಸಿದ ಹಾಲ್, ರೋಸ್‌ಬಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ರಾತ್ರಿ ಪಾಳಿಯಲ್ಲಿ ದುಡಿಯುವವರ ಕಷ್ಟವು ಇದರಿಂದ ಸ್ಪಷ್ಟವಾಗುವುದು. ದೇಹದ ಉಷ್ಣವು ಅತ್ಯಂತ ಇಳಿದಿರುವ ಬೆಳಗಿನ ಜಾವದಲ್ಲಿ ಅವರು ಎಚ್ಚತ್ತಿರಬೇಕು. ಮನೆಗೆ ಮರಳುವಾಗ ಕಣ್ಣಿಗೆ ಬಿದ್ದ ಎಳೆಬಿಸಿಲು ಒಳಗಿನ ಯಂತ್ರವನ್ನು ಹಗಲಿನ ಕಡೆಗೇ ಎಳೆಯುವುದು. ಅಂತಹವರು ಹಗಲಿನಲ್ಲಿ ಮಲಗಿದರೆ ಸೋಮಾರಿತನವೆಂದು ಹಳಿಯುವುದು ಅನ್ಯಾಯವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾಂಗವು 2007ರಲ್ಲಿಯೂ ಮರಳಿ 2019ರಲ್ಲಿಯೂ ಇಂತಹ ದುಡಿಮೆಯನ್ನು, ಮನುಷ್ಯರಲ್ಲಿ ಆ ರೋಗಕ್ಕೆ ಕಾರಣವಾಗುವ ಸಂಭವವುಳ್ಳವುಗಳ ವರ್ಗಕ್ಕೆ ಸೇರಿಸಿತು.