ನಿಮಗಿದು ಗೊತ್ತೆ? ಜಲಜನಕದ ಇಳುವರಿ ಹೆಚ್ಚಿಸುವ ರಂಧ್ರಮಯ ನಿಕ್ಕಲ್

ನೀರಿನಲ್ಲಿ ವಿದ್ಯುತ್ ಹಾಯಿಸಿ ಅದನ್ನು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆಯುವ ಕ್ರಿಯೆಯೇ ವಿದ್ಯುದ್ವಿಭಜನೆ. ಇದಕ್ಕೆ ಸಾಮಾನ್ಯ ಉಷ್ಣತೆಯಲ್ಲಿ ಸೈದ್ಧಾಂತಿಕವಾಗಿ 1.23 ವೋಲ್ಟ್ ಸಾಕಾದರೂ, ವಿದ್ಯುತ್ತನ್ನು ನೀರಿಗೆ ಸಾಗಿಸುವ ಲೋಹದ ಫಲಕಗಳಾದ ವಿದ್ಯುದ್ವಾರಗಳ ಮೇಲ್ಮೈಯಲ್ಲಿ ಕ್ರಿಯೆಯು ನಿಧಾನಗೊಳ್ಳುವುದರಿಂದ ವಾಸ್ತವದಲ್ಲಿ ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಈ ಹೆಚ್ಚುವರಿಗೆ ಅಧಿವಿಭವ ಎಂದು ಹೆಸರು. ಅದನ್ನು ತಗ್ಗಿಸಲು, ಫಲಕಕ್ಕೆ ನಿಕ್ಕಲ್–ಅಲ್ಯೂಮಿನಿಯಂ ಮಿಶ್ರಲೋಹವನ್ನು ಲೇಪಿಸಿ, ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅಲ್ಯೂಮಿನಿಯಂ ಅಂಶವನ್ನು ಕರಗಿಸಿ ತೆಗೆದರೆ, ಉಳಿಯುವ ನಿಕ್ಕಲ್ ಸ್ಪಂಜಿನಂತೆ ಸೂಕ್ಷ್ಮರಂಧ್ರಗಳಿಂದ ತುಂಬಿ, ಕ್ರಿಯೆಗೆ ಒದಗುವ ಮೇಲ್ಮೈ ಹಲವು ಪಟ್ಟು ಹೆಚ್ಚುತ್ತದೆ. ಅಮೆರಿಕದ ಎಂಜಿನಿಯರ್ ಮರ್ರೆ ರೇನಿ 1920ರ ದಶಕದಲ್ಲಿ ಸಸ್ಯತೈಲಗಳಿಗೆ ಜಲಜನಕ ಸೇರಿಸಿ ಗಟ್ಟಿಗೊಳಿಸುವ ಉದ್ದೇಶದಿಂದ ರೂಪಿಸಿದ ಈ ‘ರೇನಿ ನಿಕ್ಕಲ್’, ಇಂದು ಕ್ಷಾರೀಯ ದ್ರಾವಣದಲ್ಲಿ ನೀರನ್ನು ಒಡೆಯುವ ವಿದ್ಯುದ್ವಿಭಜಕ ಸಾಧನಗಳಲ್ಲಿ ದುಬಾರಿ ಪ್ಲಾಟಿನಂನ ಹಂಗಿಲ್ಲದೆ, ಕಡಿಮೆ ವಿದ್ಯುತ್ತಿನಲ್ಲಿ ಜಲಜನಕ ಪಡೆಯಲು ನೆರವಾಗುತ್ತಿದೆ.