ಹಿಂದಿನ ಸೀಟಿಗೆ ಬಿಸಿ ತಲುಪಿಸುವ ಕಸುಬು

ಡೆಟ್ರಾಯಿಟ್‌ನಲ್ಲಿ ಜನವರಿಯ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿಳಿಯುವುದು ಮಾಮೂಲು. ಮೂರು ಸಾಲು ಸೀಟಿನ ಹಳೆಯ ಎಸ್‌ಯುವಿಯಲ್ಲಿ ಮುಂದೆ ಕೂತವರು ಸೆಕೆಯೆಂದು ಜಾಕೆಟ್ ಬಿಚ್ಚುತ್ತಿದ್ದರೆ, ಹಿಂದೆ ಕೂತ ಮಕ್ಕಳು ಟೋಪಿ, ಕೈಗವಸು ತೆಗೆಯುವುದೇ ಇಲ್ಲ. ಇಂಥ ದೂರು ಹೊತ್ತು ಬರುವ ಗಾಡಿಗಳ ಕಾಯಿಲೆ ಪತ್ತೆಮಾಡುವುದು ಅಮೆರಿಕದ ಹಿಮ ಬೀಳುವ ರಾಜ್ಯಗಳಲ್ಲಿ ಒಂದು ಕಸುಬೇ ಆಗಿದೆ.

ನಮ್ಮಲ್ಲಿ ಎ.ಸಿ.ಗೆ ಇರುವ ಗಿರಾಕಿ ಹೀಟರಿಗಿಲ್ಲ. ಹಾಗಾಗಿ ಅದು ಕೆಲಸ ಮಾಡುವ ಬಗೆಯೂ ಅಷ್ಟಾಗಿ ಗೊತ್ತಿಲ್ಲ. ಎಂಜಿನ್ ಸುಡುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬಿಸಿಯಾಗಿ ಕೂಲೆಂಟ್‌ಗೆ ಸೇರುತ್ತದೆ. ಆ ಬಿಸಿಯನ್ನು ಹೊರಕ್ಕೆ ಚೆಲ್ಲುವುದು ರೇಡಿಯೇಟರ್ ಕೆಲಸ. ಹೀಟರ್ ಹಾಕಿದರೆ ಅದರಲ್ಲೊಂದಿಷ್ಟು ಡ್ಯಾಶ್‌ಬೋರ್ಡ್ ಹಿಂದಿರುವ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರ್ ಮೂಲಕ ಒಳಗೆ ಬರುತ್ತದೆ. ಶಿರಾಡಿ ಘಾಟಿಯ ಏರಿನಲ್ಲಿ ಟೆಂಪರೇಚರ್ ಮುಳ್ಳು ಮೇಲೇರಿದಾಗ ಅನುಭವಿ ಡ್ರೈವರ್ ಕಿಟಕಿ ಇಳಿಸಿ ಹೀಟರ್ ಪೂರ್ತಿ ತಿರುಗಿಸುವುದು ಈ ಲೆಕ್ಕದಿಂದಲೇ.

ಇಂಥ ಮೂರು ಸಾಲಿನ ಗಾಡಿಗಳಲ್ಲಿ 1935ರಿಂದ ನಡೆದುಬಂದ ಹೆಸರು ಷೆವರ್ಲೆ ಸಬರ್ಬನ್. 2000ದ ದಶಕದ ಆರಂಭದ ಸಬರ್ಬನ್ ಉದ್ದ ಐದೂವರೆ ಮೀಟರ್. ಅಷ್ಟುದ್ದದ ಗಾಡಿಗೆ ಒಂದು ಹೀಟರ್ ಕೋರ್ ಸಾಲದೆಂದು ಹಿಂಬದಿಗೆ ಇನ್ನೊಂದನ್ನು ಕೊಟ್ಟಿದ್ದಾರೆ. ಬಾನೆಟ್ ಒಳಗಿನ ಟೀ ಜಾಯಿಂಟ್‌ನಲ್ಲಿ ಕವಲೊಡೆದ ಬಿಸಿ ಕೂಲೆಂಟ್, ಗಾಡಿಯ ಹೊಟ್ಟೆಯಡಿಯ ಪೈಪುಗಳಲ್ಲಿ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಮರಳಬೇಕು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಕಡಿಮೆಯಾದರೆ ಮೊದಲು ಒಣಗುವುದು ಕೊನೆ ಭಾಗದ ರೈತರ ಗದ್ದೆ. ಮೂರನೇ ಸಾಲಿನವರ ಪಾಡೂ ಅದೇ. ಆದ್ದರಿಂದ ಬಲ್ಲ ಮೆಕ್ಯಾನಿಕ್ ಹಿಂದಿನ ಪ್ಯಾನೆಲ್ ಬಿಚ್ಚಲು ಹೋಗುವುದಿಲ್ಲ, ಮೊದಲು ಬಾನೆಟ್ ಎತ್ತುತ್ತಾರೆ.

ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡುವುದು ಮೊದಲ ಹೆಜ್ಜೆ. ಮಟ್ಟ ಇಳಿದಿದ್ದರೆ ಪೈಪಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಗಾಡಿ ಶುರುಮಾಡಿದಾಗ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಬಂದರೆ ಅದೇ ಗುರುತು. ಮುಂದೆಯೂ ಬರೀ ಉಗುರುಬೆಚ್ಚಗಿನ ಗಾಳಿ ಬರುತ್ತಿದ್ದು, ಮುಳ್ಳು ನಡುವಿಗೆ ಏರದಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿರಬಹುದು.

ಆಮೇಲೆ ಮುಟ್ಟಿ ನೋಡುವ ಪರೀಕ್ಷೆ. ಎಂಜಿನ್ ಕಾದ ಮೇಲೆ ಹಿಂದಿನ ಹೀಟರಿಗೆ ಹೋಗುವ, ಅಲ್ಲಿಂದ ಬರುವ ಎರಡೂ ಹೋಸ್‌ಗಳನ್ನು ದಪ್ಪ ಕೈಗವಸು ಹಾಕಿಕೊಂಡು ಮುಟ್ಟುತ್ತಾರೆ, ಇಲ್ಲವೇ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯುತ್ತಾರೆ. ಎರಡೂ ಸುಡುತ್ತಿದ್ದರೆ ಕೂಲೆಂಟ್ ಹರಿಯುತ್ತಿದೆ, ತೊಂದರೆ ಗಾಳಿಯ ಕಡೆಗಿದೆ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿದೆ ಅಥವಾ ಗಾಳಿ ಕೂತಿದೆ. ಎರಡೂ ತಣ್ಣಗಿದ್ದರೆ ಕೂಲೆಂಟ್ ಅಲ್ಲಿಗೆ ಬರುತ್ತಲೇ ಇಲ್ಲ.

ಬಾರದಿರಲು ದೊಡ್ಡ ಕಾರಣ ತುಕ್ಕು. ಡೆಟ್ರಾಯಿಟ್ ನಗರದ ಅಡಿಯಲ್ಲಿ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ಭಾರಿ ಉಪ್ಪಿನ ಗಣಿಯಿದೆ. ರಸ್ತೆಯ ಮಂಜು ಕರಗಿಸಲು ಸುರಿಯುವುದು ಅಂಥ ಕಲ್ಲುಪ್ಪನ್ನೇ. ಕಾರು ಕಟ್ಟುವ ಊರೇ ಕಾರು ತಿನ್ನುವ ಉಪ್ಪನ್ನೂ ಅಗೆದು ಕೊಡುತ್ತದೆ! ಚಳಿಗಾಲ ಕಳೆದಂತೆಲ್ಲ ಆ ಉಪ್ಪುನೀರು ಹೊಟ್ಟೆಯಡಿಯ ಪೈಪುಗಳನ್ನು ಕೊರೆಯುತ್ತದೆ. ಸೋರಿಕೆ ಶುರುವಾದಾಗ, ಹೊಸ ಪೈಪ್ ಎಳೆಯುವ ಖರ್ಚು ಉಳಿಸಲು ಮುಂದೆಯೇ ಒಂದು ಹೋಸ್ ಬಗ್ಗಿಸಿ ಎರಡು ಬಾಯಿಗೂ ಕೂಡಿಸಿಬಿಡುವುದುಂಟು. ಸೋರಿಕೆ ನಿಲ್ಲುತ್ತದೆ, ಹಿಂದಿನ ಹೀಟರೂ ನಿಲ್ಲುತ್ತದೆ. ಗಾಡಿ ಕೈ ಬದಲಾದ ಮೇಲೆ ಈ ಗುಟ್ಟು ಹೊಸ ಮಾಲೀಕರಿಗೆ ಗೊತ್ತಿರುವುದಿಲ್ಲ.

ಗಾಳಿ ಕೂತಿದ್ದರೆ ಗಾಡಿಯ ಮೂತಿಯನ್ನು ರ‍್ಯಾಂಪ್ ಮೇಲೆ ಎತ್ತಿ ನಿಲ್ಲಿಸಿ, ಮುಂದಿನ, ಹಿಂದಿನ ಹೀಟರ್ ಎರಡನ್ನೂ ಪೂರ್ತಿ ಬಿಸಿಗೆ ತಿರುಗಿಸಿ, ಥರ್ಮೋಸ್ಟಾಟ್ ತೆರೆಯುವ ತನಕ ಎಂಜಿನ್ ಓಡಿಸುತ್ತಾರೆ. ತಣಿದ ಮೇಲೆ ಕಡಿಮೆಯಾದಷ್ಟು ಕೂಲೆಂಟ್ ತುಂಬುತ್ತಾರೆ. ಕೋರ್ ಕಟ್ಟಿದ್ದರೆ ಎರಡೂ ಹೋಸ್ ಕಳಚಿ, ಕೂಲೆಂಟ್ ಹೊರಬರುವ ಬಾಯಿಗೆ ತೋಟದ ಪೈಪ್ ಕೊಟ್ಟು ಉಲ್ಟಾ ತೊಳೆಯುತ್ತಾರೆ. ಮೊದಲು ಬಗ್ಗಡವಾದ ಕಂದು ನೀರು, ಆಮೇಲೆ ಗಸಿಯ ಚೂರು, ಕೊನೆಗೆ ತಿಳಿನೀರು. ನಲ್ಲಿ ಜೋರಾಗಿ ತಿರುಗಿಸುವಂತಿಲ್ಲ; ಕೋರ್‌ನ ತೆಳು ಕೊಳವೆ ಸಿಡಿದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ.

ಗಾಳಿಯ ಕಡೆಯ ತೊಂದರೆಗಳನ್ನು ಕಿವಿಯೇ ಹೇಳುತ್ತದೆ. ಬಿಸಿ, ತಂಪು ಬೆರೆಸುವ ಬಾಗಿಲನ್ನು ತಿರುಗಿಸುವ ಪುಟ್ಟ ಮೋಟಾರಿನ ಪ್ಲಾಸ್ಟಿಕ್ ಗಿಯರ್ ಹಲ್ಲು ಸವೆದರೆ, ಒಳಗಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿರುತ್ತದೆ. ಫ್ಯಾನ್ ಗರಿಷ್ಠ ವೇಗದಲ್ಲಷ್ಟೇ ತಿರುಗಿದರೆ ರೆಸಿಸ್ಟರ್ ಮೇಲೆ ಅನುಮಾನ.

ಈ ಕೆಲಸಕ್ಕೆ ಎಚ್ಚರವೂ ಬೇಕು. ಎಂಜಿನ್ ಬಿಸಿಯಿರುವಾಗ ಕೂಲೆಂಟ್ ಮುಚ್ಚಳ ತಿರುಗಿಸಿದರೆ ಮುಖಕ್ಕೇ ಚಿಮ್ಮುತ್ತದೆ. ನೀರು, ಎಥಿಲೀನ್ ಗ್ಲೈಕಾಲ್ ಸಮಸಮ ಬೆರೆತ ಕೂಲೆಂಟ್ ಮೈನಸ್ 37 ಡಿಗ್ರಿಯವರೆಗೂ ಹೆಪ್ಪುಗಟ್ಟದು, ನಿಜ. ಆದರೆ ಈ ಗ್ಲೈಕಾಲ್ ಸಿಹಿಯಾದ ವಿಷ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ ನೆಕ್ಕಿದರೆ ಪ್ರಾಣಕ್ಕೇ ಕುತ್ತು. ಇಳಿಸಿದ ಕೂಲೆಂಟನ್ನು ಡಬ್ಬದಲ್ಲಿ ಹಿಡಿದಿಡುವುದೂ ಕಸುಬಿನ ಭಾಗ.

ಅಮೆರಿಕದ ಗ್ಯಾರೇಜುಗಳಲ್ಲಿ ದುರಸ್ತಿಯ ಕೂಲಿಯಲ್ಲದೆ ದೋಷ ಹುಡುಕುವುದಕ್ಕೇ ಬೇರೆ ಶುಲ್ಕ ಹಾಕುವುದು ರೂಢಿ. ಕೆಲವರಿಗೆ ಅದು ದಂಡ ಅನ್ನಿಸುತ್ತದೆ. ಆದರೆ ಒಂದೆರಡು ಲೀಟರ್ ಕೂಲೆಂಟ್‌ನಿಂದ ಸರಿಹೋಗುವ ಗಾಡಿಗೆ ಹೊಸ ಕೋರ್, ಹೊಸ ಮೋಟಾರ್ ಹಾಕಿಸಿದರೆ ಆಗುವ ಖರ್ಚಿನ ಮುಂದೆ ಆ ಶುಲ್ಕ ಏನೂ ಅಲ್ಲ. ಡೆಟ್ರಾಯಿಟ್ ಸುತ್ತ ಪಂಪನ ಹೆಸರಲ್ಲಿ ಕೂಟ ಕಟ್ಟಿಕೊಂಡಿರುವ ಕನ್ನಡಿಗರ ಬಳಗಕ್ಕೆ ಹೊಸದಾಗಿ ಸೇರುವವರು ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಳ್ಳುವುದಾದರೆ, ಮೆಕ್ಯಾನಿಕ್ ಬಳಿ ಹೋಗುವ ಮೊದಲೇ ಒಂದು ಪರೀಕ್ಷೆ ತಾವೇ ಮಾಡಬಹುದು. ಟೆಸ್ಟ್ ಡ್ರೈವಿನಲ್ಲಿ ಸ್ಟಿಯರಿಂಗ್ ಜೊತೆಯವರ ಕೈಗೆ ಕೊಟ್ಟು, ಹೀಟರ್ ಹಾಕಿಸಿ, ಇಪ್ಪತ್ತು ನಿಮಿಷ ಮೂರನೇ ಸಾಲಿನಲ್ಲಿ ಕೂರಬೇಕು. ಬೆಲೆಯ ಮಾತು ಆಮೇಲೆ.