ಪಫ್: ಊದಿದ ಮಾತಿಗೆ ಬೆಲೆ ಕಟ್ಟಿದವರು

ಬಾಯಿಂದ ಗಾಳಿ ಊದುವ ಸದ್ದನ್ನೇ ಅನುಕರಿಸಿ ಹುಟ್ಟಿದ ಇಂಗ್ಲಿಷ್ ಪದ ‘ಪಫ್’. ಮೊದಲು ಅದರ ಅರ್ಥ ಉಸಿರು. ಆಮೇಲೆ ಊದಿಕೊಂಡದ್ದು, ಉಬ್ಬಿದ್ದು. 18ನೇ ಶತಮಾನದ ಲಂಡನ್ನಿನಲ್ಲಿ ಪತ್ರಿಕೆಗಳು ಹೆಚ್ಚಿ, ಪುಸ್ತಕ, ನಾಟಕ, ಔಷಧಿಗಳು ಜಾಹೀರಾತಿನ ಬಲದಿಂದ ಮಾರಾಟವಾಗತೊಡಗಿದಾಗ, ಇಲ್ಲದ ಗುಣಗಳನ್ನು ಸೇರಿಸಿ ಸರಕನ್ನು ಹೊಗಳುವ ಬರಹಕ್ಕೂ ಅದೇ ಹೆಸರು ನಿಂತಿತು. ಕನ್ನಡದಲ್ಲಿ ‘ಹೊಗಳಿ ಉಬ್ಬಿಸುವುದು’ ಎನ್ನುತ್ತೇವೆ. ಆದರೆ ಇಲ್ಲಿ ಉಬ್ಬುವವನು ಹೊಗಳಿಸಿಕೊಂಡ ಮನುಷ್ಯ, ಅಲ್ಲಿ ಉಬ್ಬುವುದು ಮಾರಾಟಕ್ಕಿಟ್ಟ ಮಾಲು.

ಈ ಕಸುಬನ್ನು ರಂಗದ ಮೇಲೆ ತಂದವನು ರಿಚರ್ಡ್ ಶೆರಿಡನ್. ಡ್ರೂರಿ ಲೇನ್ ರಂಗಮಂದಿರದಲ್ಲಿ 1779ರಲ್ಲಿ ಆಡಿದ ಅವನ ‘ದಿ ಕ್ರಿಟಿಕ್’ ನಾಟಕದಲ್ಲಿ ಮಿಸ್ಟರ್ ಪಫ್ ಎಂಬ ಪಾತ್ರವೇ ಇದೆ. ಅವನು ತನ್ನ ವಿದ್ಯೆಯ ಪ್ರಕಾರಗಳನ್ನು ಶಾಸ್ತ್ರದಂತೆ ವಿಂಗಡಿಸಿ ವಿವರಿಸುತ್ತಾನೆ. ನಾಟಕ ಇನ್ನೂ ಪ್ರದರ್ಶನವಾಗುವ ಮುನ್ನವೇ ಪ್ರೇಕ್ಷಕರು ಅದನ್ನು ಹೇಗೆ ಮೆಚ್ಚಿದರೆಂದು ಬರೆಯುವುದು ಒಂದು ಬಗೆ. ಪುಸ್ತಕವನ್ನು ಕಟುವಾಗಿ ಬೈದಂತೆ ನಟಿಸಿ, ಓದುಗರ ಕುತೂಹಲ ಕೆರಳಿಸಿ ಮಾರಾಟ ಹೆಚ್ಚಿಸುವುದು ಇನ್ನೊಂದು. ಈ ಎರಡನೆಯದರ ಚುರುಕು ನನ್ನನ್ನು ಬೆರಗುಗೊಳಿಸುತ್ತದೆ: ನಿಂದೆಯೂ ಪ್ರಚಾರವೇ ಎಂಬುದು ಆಗಲೇ ಗೊತ್ತಿತ್ತು.

ನೂರು ವರ್ಷ ಕಳೆದ ಮೇಲೆ ಈ ಪದ ನ್ಯಾಯಾಲಯದ ಮೆಟ್ಟಿಲೇರಿತು. 1889ರಿಂದ ಯುರೋಪನ್ನು ಇನ್‌ಫ್ಲುಯೆನ್ಜಾ ಕಾಡುತ್ತಿತ್ತು. ಲಂಡನ್ನಿನ ‘ಕಾರ್ಬಾಲಿಕ್ ಸ್ಮೋಕ್ ಬಾಲ್’ ಕಂಪನಿ ಕಾರ್ಬಾಲಿಕ್ ಆ್ಯಸಿಡ್ ಪುಡಿ ತುಂಬಿದ ರಬ್ಬರ್ ಚೆಂಡೊಂದನ್ನು ಮಾರುತ್ತಿತ್ತು. ಅದನ್ನು ಒತ್ತಿ ಮೂಗಿಗೆ ಹೊಗೆ ಎಳೆದುಕೊಳ್ಳಬೇಕು. ದಿನಕ್ಕೆ ಮೂರು ಬಾರಿಯಂತೆ ಎರಡು ವಾರ ಬಳಸಿದ ಮೇಲೂ ಜ್ವರ ಬಂದರೆ 100 ಪೌಂಡ್ ಕೊಡುತ್ತೇವೆ, ನಮ್ಮ ಪ್ರಾಮಾಣಿಕತೆಗೆ ಸಾಕ್ಷಿಯಾಗಿ ಬ್ಯಾಂಕಿನಲ್ಲಿ 1000 ಪೌಂಡ್ ಠೇವಣಿ ಇಟ್ಟಿದ್ದೇವೆ ಎಂದು 1891ರ ನವೆಂಬರ್‌ನಲ್ಲಿ ಅದು ಜಾಹೀರಾತು ಕೊಟ್ಟಿತು. ಲೂಯಿಸಾ ಕಾರ್ಲಿಲ್ ಎಂಬಾಕೆ ಅದನ್ನು ನಂಬಿ ಚೆಂಡು ಕೊಂಡು ತಪ್ಪದೆ ಬಳಸಿದರು. ಜನವರಿಯಲ್ಲಿ ಜ್ವರ ಬಂದೇ ಬಂತು. ಹಣ ಕೇಳಿದರೆ ಕಂಪನಿ ಕೊಡಲೊಲ್ಲದು. ಅದು ಬರೀ ಪಫ್, ಯಾರೂ ಅದನ್ನು ವಚನವೆಂದು ತಿಳಿಯಬಾರದು ಎಂದು ವಾದಿಸಿತು. ಮೊದಲ ವಿಚಾರಣೆಯಲ್ಲಿ ಕಂಪನಿಯ ಪರ ನಿಂತವರು ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಆಸ್ಕ್ವಿತ್. 1892ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಬ್ಯಾಂಕಿನಲ್ಲಿ ಹಣವಿಟ್ಟಿದ್ದೇವೆ ಎಂದು ಸಾರಿದ ಮೇಲೆ ಅದು ಗಾಳಿಮಾತಾಗಿ ಉಳಿಯುವುದಿಲ್ಲ, ಕರಾರಾಗುತ್ತದೆ. ಕಾರ್ಲಿಲ್‌ಗೆ 100 ಪೌಂಡ್ ಸಿಕ್ಕಿತು. ಕರಾರು ಕಾನೂನು ಓದುವ ನಮ್ಮ ವಿದ್ಯಾರ್ಥಿಗಳಿಗೆ ಇಂದಿಗೂ ಈ ಮೊಕದ್ದಮೆ ಮೊದಮೊದಲ ಪಾಠ.

ಭಾರತದ ನ್ಯಾಯಾಲಯಗಳೂ ‘ಪಫರಿ’ ಎಂಬ ಪದವನ್ನು ಬಳಸುತ್ತವೆ. ಬಟ್ಟೆಗೆ ಹಾಕುವ ನೀಲಿಯ ವಿಚಾರದಲ್ಲಿ ರಾಬಿನ್ ಬ್ಲೂ ತಯಾರಕರಿಗೂ ಉಜಾಲಾ ತಯಾರಕರಿಗೂ ನಡೆದ ವ್ಯಾಜ್ಯದಲ್ಲಿ ಕಲ್ಕತ್ತಾ ಹೈಕೋರ್ಟ್ ಒಂದು ಗೆರೆ ಎಳೆಯಿತು: ನನ್ನ ಸರಕು ಜಗತ್ತಿನಲ್ಲೇ ಶ್ರೇಷ್ಠ ಎಂದು ವ್ಯಾಪಾರಿ ಹೇಳಿಕೊಳ್ಳಬಹುದು, ಅದು ನಿಜವಲ್ಲದಿದ್ದರೂ ಸರಿ, ಆದರೆ ಎದುರಾಳಿಯ ಸರಕು ಕೆಟ್ಟದ್ದೆಂದು ಹಳಿಯುವಂತಿಲ್ಲ.

ಈ ಸಡಿಲಿಕೆಯ ಹಿಂದೊಂದು ನಂಬಿಕೆಯಿದೆ: ಕೇಳುವವನಿಗೆ ವಿವೇಕವಿದೆ, ಊದಿದ ಮಾತನ್ನು ಅವನು ಜರಡಿ ಹಿಡಿದು ಕೇಳುತ್ತಾನೆ. ನೀಲಿಯ ಮಟ್ಟಿಗೆ ಇದನ್ನು ನಾನೂ ಒಪ್ಪುತ್ತೇನೆ. ಮೋಸಹೋದರೆ ಹೋಗುವುದು ಹತ್ತು ರೂಪಾಯಿ. ಕಾಯಿಲೆಯ ಮುಂದೆ ಈ ನಂಬಿಕೆ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆ ಬುಡಸಮೇತ ವಾಸಿ ಎಂಬ ಫಲಕ ಕಂಡವನು, ಮಗಳಿಗೆ ರ‍್ಯಾಂಕ್ ಖಚಿತ ಎಂಬ ಕೋಚಿಂಗ್ ಸೆಂಟರ್‌ನ ಮಾತು ಕೇಳಿದ ತಾಯಿ ವಿವೇಕಹೀನರಲ್ಲ, ದಿಗಿಲುಬಿದ್ದವರು. ದಿಗಿಲಿನಲ್ಲಿರುವವರ ಮುಂದೆ ಆಡುವ ಉತ್ಪ್ರೇಕ್ಷೆಯನ್ನು ಬರೀ ಪಫ್ ಎಂದು ಕೈತೊಳೆದುಕೊಳ್ಳಲು ಬಿಡಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಸರಕು ಮಾರುವವರಷ್ಟೇ ಅಲ್ಲ, ಅದನ್ನು ಹೊಗಳಲು ಮುಖ ಕೊಡುವ ತಾರೆಯರೂ ಈ ದಂಡದ ವ್ಯಾಪ್ತಿಗೆ ಬರುತ್ತಾರೆ.